ವೈರಸ್ ಹೋಯಿತು, ಸುಸ್ತು ಹೋಗಲಿಲ್ಲ

ಅಮ್ಮನಿಗೆ ಸುಸ್ತು ಅನ್ನುವುದು ನಮ್ಮ ಮನೆಯಲ್ಲಿ ಒಂದು ಸುದ್ದಿಯೇ ಆಗಿರಲಿಲ್ಲ. ಊಟ ಮುಗಿಸಿ ಚಾವಡಿಯಲ್ಲಿ ಚಾಪೆ ಹಾಸಿ ಮಲಗಿದರೆ ಸಂಜೆ ಐದಾದರೂ ಏಳುತ್ತಿರಲಿಲ್ಲ. ಏನಾಯ್ತು ಅಂತ ಕೇಳಿದರೆ ತುಳುವಿನಲ್ಲಿ ಎರಡೇ ಮಾತು, "ದಾಲ ಇಜ್ಜಿ, ಬಚ್ಚುಂಡು." ಏನಿಲ್ಲ, ಸುಸ್ತು ಅಷ್ಟೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಮಲ್ಲಿಗೆ ಕೊಯ್ಯುವ ಹೆಂಗಸಿಗೆ ಮಧ್ಯಾಹ್ನ ಸುಸ್ತಾಗದೆ ಇನ್ನೇನು ಎಂದು ನಾವೂ ಅಂದುಕೊಂಡೆವು. ಹಾಗೆ ಅಂದುಕೊಂಡೇ ಹತ್ತು ವರ್ಷ ಕಳೆದಿತ್ತು.

ನಮ್ಮ ಮನೆ ಕಾಪು ತಾಲೂಕಿನಲ್ಲಿ, ಶಂಕರಪುರದ ಹತ್ತಿರ. ಉಡುಪಿ ಮಲ್ಲಿಗೆ ಎಂದು ಮುಂಬಯಿಯವರೆಗೂ ಹೋಗುವ ಹೂವು ನಮ್ಮ ಅಂಗಳದಲ್ಲೇ ಬೆಳೆಯುತ್ತದೆ. ಅಪ್ಪ ಮುಂಬಯಿಯ ಹೋಟೆಲ್ ಕೆಲಸ ಮುಗಿಸಿ ಊರಿಗೆ ಬಂದವರು. ಗಿಡ, ಹೂವು, ಹೂವಿನ ದುಡ್ಡು ಎಲ್ಲ ಅಮ್ಮ ಮತ್ತು ಅತ್ತೆಯದ್ದೇ ಕಾರುಬಾರು. ನಾನು ನಿಟ್ಟೆಯಲ್ಲಿ ಇಂಜಿನಿಯರಿಂಗ್ ಓದಿ ಈಗ ಮಣಿಪಾಲದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ವಾರದಲ್ಲಿ ಮೂರು ದಿನ ಆಫೀಸು, ಉಳಿದ ದಿನ ಚಾವಡಿಯ ಮೂಲೆಯಲ್ಲಿ ಲ್ಯಾಪ್‌ಟಾಪು. ಹಾಗಾಗಿ ಅಮ್ಮನನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಅದಕ್ಕಿಂತ ಮೊದಲು ನೋಡಿದ್ದೆನೇ? ಇಲ್ಲ ಅಂತಲೇ ಹೇಳಬೇಕು.

ಕಣ್ಣಿನ ಪೊರೆಗೆ ಹೋದವರು

2023ರ ಫೆಬ್ರವರಿಯಲ್ಲಿ ಅಮ್ಮನ ಬಲಗಣ್ಣಿನ ಪೊರೆ ತೆಗೆಸಲು ಹೋಗಿದ್ದೆವು. ಆಪರೇಷನ್‌ಗೆ ಮುಂಚೆ ಮಾಡುವ ಮಾಮೂಲಿ ರಕ್ತಪರೀಕ್ಷೆ. ಮರುದಿನ ಕಾರಿಡಾರಿನಲ್ಲಿ ಇಪ್ಪತ್ತು ಜನ ಕೂತಿರುವಾಗ ಒಬ್ಬರು ಹೊರಗೆ ಬಂದು ಜೋರಾಗಿ ಕೇಳಿದರು, "ಹೆಪಟೈಟಿಸ್ ಪೇಷೆಂಟ್ ಯಾರು?" ಯಾರೂ ಏಳಲಿಲ್ಲ. ಆಮೇಲೆ ಅಮ್ಮನ ಹೆಸರು ಕರೆದರು. ಪಕ್ಕದಲ್ಲಿ ಕೂತು ಮಲ್ಲಿಗೆ ರೇಟು ಮಾತಾಡುತ್ತಿದ್ದ ಹೆಂಗಸು ಸ್ವಲ್ಪ ಸರಿದು ಕೂತರು. ಆ ಆಸ್ಪತ್ರೆಯ ಹೆಸರು ಬೇಡ, ಅಲ್ಲಿ ಆಪರೇಷನ್ ಆಗಲೂ ಇಲ್ಲ. ಆದರೆ ಆ ಸರಿದು ಕೂತದ್ದನ್ನು ಅಮ್ಮ ಇವತ್ತಿಗೂ ಮರೆತಿಲ್ಲ.

ಮನೆಗೆ ಬಂದ ದಿನವೇ ಅಮ್ಮ ತನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡರು. ನಾವು ಯಾರೂ ಹೇಳಲಿಲ್ಲ, ಅವರೇ ಮಾಡಿಕೊಂಡದ್ದು. ಒಂದು ಸ್ಟೀಲ್ ತಟ್ಟೆಯ ಅಂಚಿಗೆ ಕೆಂಪು ದಾರ ಕಟ್ಟಿ ಕಿಟಕಿಯ ಮೇಲೆ ಇಟ್ಟಿದ್ದರು.

ಮಣಿಪಾಲದಲ್ಲಿ ಲಿವರ್ ನೋಡುವ ವೈದ್ಯರ ಹತ್ತಿರ ಹೋದಾಗ ಅವರು ಮೊದಲು ವಿವರಿಸಿದ್ದು ಈ ಪಾಸಿಟಿವ್ ಅಂದರೆ ಏನು ಅನ್ನುವುದನ್ನೇ. ಮೊದಲ ಪರೀಕ್ಷೆ ತೋರಿಸುವುದು ಆ್ಯಂಟಿಬಾಡಿ, ಅಂದರೆ ವೈರಸ್ ಯಾವತ್ತೋ ಒಳಗೆ ಬಂದಿತ್ತು ಎಂಬ ಗುರುತು ಮಾತ್ರ. ಅದು ಈಗಲೂ ಇದೆಯಾ ಎಂದು ತಿಳಿಯಲು ಆರ್‌ಎನ್‌ಎ ಪರೀಕ್ಷೆ ಬೇಕು. ಕೆಲವರಲ್ಲಿ ವೈರಸ್ ತಾನಾಗಿಯೇ ಹೋಗಿರುತ್ತದಂತೆ. ಅಮ್ಮನಲ್ಲಿ ಹೋಗಿರಲಿಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ನೋಡುವ ಫೈಬ್ರೋಸ್ಕ್ಯಾನ್‌ನಲ್ಲಿ 15ರ ಹತ್ತಿರ ಬಂತು. ಆರೋಗ್ಯವಂತರಲ್ಲಿ ಇದು ಏಳಕ್ಕಿಂತ ಕಡಿಮೆ ಇರುತ್ತದೆ. ಹನ್ನೆರಡೂವರೆ ದಾಟಿದರೆ ಸಿರೋಸಿಸ್ ಎಂದು ಹಿಡಿಯುತ್ತಾರೆ.

"ಅಮ್ಮಾ, ಯಾವತ್ತಾದರೂ ರಕ್ತ ಹಾಕಿಸಿಕೊಂಡಿದ್ದೀರಾ?" ವೈದ್ಯರು ಕೇಳಿದರು.

ಅಮ್ಮ ನನ್ನ ಕಡೆ ನೋಡಿದರು. "ಇವಳ ಹೆರಿಗೆಯಲ್ಲಿ ಡಾಕ್ಟ್ರೇ. ಎರಡು ಬಾಟ್ಲಿ."

ನಾನು ಹುಟ್ಟಿದ್ದು 1995ರ ಜುಲೈಯಲ್ಲಿ. ಆ ಕಥೆ ನಮ್ಮ ಮನೆಯಲ್ಲಿ ತಮಾಷೆಯಾಗಿ ಹೇಳುವಂಥದ್ದು: ಧೋ ಎಂದು ಮಳೆ, ಅಂಬಾಸಿಡರ್ ಕಾರು ದಾರಿಯಲ್ಲಿ ನಿಂತದ್ದು, ಅಜ್ಜಿ ಕಾರ್ಕಳದಿಂದ ಬರುವಷ್ಟರಲ್ಲಿ ನಾನು ಬಂದಾಗಿತ್ತು ಅನ್ನುವುದು. ಅದರ ನಂತರ ಅಮ್ಮನಿಗೆ ರಕ್ತ ನಿಲ್ಲದೆ ಹೋದದ್ದು, ಎರಡು ಬಾಟ್ಲಿ ಹಾಕಿದ್ದು ಆ ಕಥೆಯಲ್ಲಿ ಯಾವತ್ತೂ ಇರಲಿಲ್ಲ.

ಹೆಪಟೈಟಿಸ್ ಸಿ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ಅದಕ್ಕೆ ಕಾರಣರಾದ ಹಾರ್ವೆ ಆಲ್ಟರ್, ಮೈಕಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ 2020ರಲ್ಲಿ ನೊಬೆಲ್ ಸಿಕ್ಕಿತು. ನಮ್ಮ ದೇಶದ ರಕ್ತನಿಧಿಗಳಲ್ಲಿ ಈ ಪರೀಕ್ಷೆ ಕಡ್ಡಾಯವಾದದ್ದು ನಾನು ಹುಟ್ಟಿ ಎಷ್ಟೋ ವರ್ಷಗಳ ಮೇಲೆ. ಹಾಗಂತ ಆ ಎರಡು ಬಾಟ್ಲಿಯಿಂದಲೇ ಬಂತು ಎಂದು ಖಚಿತವಾಗಿ ಹೇಳಲು ಆಗುವುದಿಲ್ಲ ಎಂದರು ವೈದ್ಯರು. ಗಾಜಿನ ಸಿರಿಂಜನ್ನು ಬಿಸಿನೀರಲ್ಲಿ ಅದ್ದಿ ಎಲ್ಲರಿಗೂ ಚುಚ್ಚುತ್ತಿದ್ದ ಕಾಲವದು. ಮೂವತ್ತು ವರ್ಷದ ಹಿಂದಿನದಕ್ಕೆ ಯಾರೂ ಸಾಕ್ಷಿ ಹೇಳಲಾರರು. ನನಗಾಗಿಯೇ ಅವರು ಹಾಗೆ ಹೇಳಿದರೋ ಏನೋ.

ಬಸ್ಸಿನಲ್ಲಿ ಅಮ್ಮನಿಗೆ ಚಿಂತೆಯಾಗಿದ್ದು ತನ್ನ ಲಿವರ್ ಬಗ್ಗೆ ಅಲ್ಲ, ತಮ್ಮನ ಬಗ್ಗೆ. ನನಗೆ ಅಪಾಯವಿರಲಿಲ್ಲ, ರಕ್ತ ಹಾಕಿದ್ದು ನಾನು ಹೊರಗೆ ಬಂದ ಮೇಲೆ. ಹಾಲಿನಿಂದ ಇದು ಹರಡುವುದೂ ಇಲ್ಲ. ಆದರೆ ತಮ್ಮ ಹುಟ್ಟಿದ್ದು ನಾಲ್ಕು ವರ್ಷದ ನಂತರ. ಸೋಂಕಿರುವ ತಾಯಿಯಿಂದ ನೂರರಲ್ಲಿ ಐದಾರು ಮಕ್ಕಳಿಗೆ ದಾಟುವ ಸಾಧ್ಯತೆ ಇದೆ. ಬೆಂಗಳೂರಿನಲ್ಲಿರುವ ಅವನು "ಮಾಡಿಸ್ತೇನೆ ಮಾಡಿಸ್ತೇನೆ" ಅಂತ ಮೂರು ವಾರ ತಳ್ಳಿದ. ಕೊನೆಗೊಂದು ರಾತ್ರಿ ಫೋನಿನಲ್ಲಿ ಅಳುತ್ತಾ ಹೆದರಿಕೆಯಾಗ್ತದೆ ಅಂದ. ನಾನೇ ಬೆಂಗಳೂರಿಗೆ ಹೋಗಿ ಲ್ಯಾಬಿಗೆ ಕರೆದುಕೊಂಡು ಹೋದೆ. ನೆಗೆಟಿವ್. ಅಮ್ಮ ಆ ಸಂಜೆ ಕಾಪುವಿನ ಮಾರಿಗುಡಿಗೆ ಮಲ್ಲಿಗೆ ಕೊಟ್ಟು ಬಂದರು.

84 ಮಾತ್ರೆ

ಚಿಕಿತ್ಸೆಯ ಭಾಗವನ್ನು ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದೇ ಸುಲಭದ ಭಾಗ. ಸೋಫೋಸ್‌ಬುವಿರ್ ಮತ್ತು ವೆಲ್ಪಟಾಸ್‌ವಿರ್ ಸೇರಿದ ಒಂದೇ ಮಾತ್ರೆ, ದಿನಕ್ಕೊಂದು, ಹನ್ನೆರಡು ವಾರ. ಒಟ್ಟು 84. ಸೋಫೋಸ್‌ಬುವಿರ್ 2013ರ ಕೊನೆಗೆ ಅಮೆರಿಕದಲ್ಲಿ ಬಂದಾಗ ಮಾತ್ರೆಗೆ ಸಾವಿರ ಡಾಲರ್, ಅಂದರೆ ಹನ್ನೆರಡು ವಾರಕ್ಕೆ 84,000 ಡಾಲರ್ ಬೆಲೆ ಇತ್ತು. ಮರುವರ್ಷ ಭಾರತದ ಕಂಪನಿಗಳಿಗೆ ಜೆನೆರಿಕ್ ತಯಾರಿಸಲು ಪರವಾನಗಿ ಸಿಕ್ಕಿದ ಮೇಲೆ ಇಲ್ಲಿ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಗೊತ್ತಿಲ್ಲದೆ ಸಾಲ ಮಾಡಿದವರನ್ನೂ ನಾನು ನೋಡಿದ್ದೇನೆ.

ಒಂದೇ ಒಂದು ಕಡೆ ನಾವು ಎಡವುತ್ತಿದ್ದೆವು. ಅಮ್ಮ ವರ್ಷಗಳಿಂದ ಬೆಳಗ್ಗೆ ಎದ್ದ ಕೂಡಲೇ ಗ್ಯಾಸ್ ಮಾತ್ರೆ ನುಂಗುವವರು. ಅದನ್ನು ಔಷಧಿ ಅಂತ ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ, ವೈದ್ಯರಿಗೂ ಹೇಳಿರಲಿಲ್ಲ. ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್‌ವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲವಂತೆ. ನಾನು ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ತೋರಿಸಿದ್ದರಿಂದ ಗೊತ್ತಾಯಿತು. ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್ ತಗೊಳ್ಳುವವರಂತೂ ಮೊದಲೇ ಹೇಳಲೇಬೇಕು, ಎರಡೂ ಸೇರಿದರೆ ಬಡಿತ ಅಪಾಯಕಾರಿಯಾಗಿ ಇಳಿಯಬಹುದು.

ಮಾತ್ರೆ ಮುಗಿದು ಹನ್ನೆರಡು ವಾರದ ನಂತರ ಮತ್ತೆ ಆರ್‌ಎನ್‌ಎ ಪರೀಕ್ಷೆ. ವೈರಸ್ ಇಲ್ಲ. ಅಂದರೆ ಗುಣವಾಯಿತು. ನೂರರಲ್ಲಿ 95ಕ್ಕಿಂತ ಹೆಚ್ಚು ಜನರಿಗೆ ಹೀಗೆ ಗುಣವಾಗುತ್ತದೆ. ನಾವು ಮಣಿಪಾಲದಲ್ಲೇ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿಂದೆವು.

ಮರುದಿನ ಮಧ್ಯಾಹ್ನ ಅಮ್ಮ ಚಾಪೆ ಹಾಸಿ ಮಲಗಿದರು. ಐದಾದರೂ ಏಳಲಿಲ್ಲ.

ಸುಸ್ತಿಗೊಂದು ಲೆಕ್ಕ

ಇದನ್ನು ನಮಗೆ ಯಾರೂ ಸರಿಯಾಗಿ ಹೇಳಿರಲಿಲ್ಲ, ಅಥವಾ ಹೇಳಿದ್ದು ಸಂತೋಷದಲ್ಲಿ ಕಿವಿಗೆ ಬಿದ್ದಿರಲಿಲ್ಲ. ಮಾತ್ರೆ ವೈರಸ್ಸನ್ನು ತೆಗೆಯುತ್ತದೆ. ಆದರೆ ಮೂವತ್ತು ವರ್ಷದಲ್ಲಿ ಅದು ಲಿವರ್‌ನಲ್ಲಿ ಮಾಡಿಟ್ಟ ಗಾಯದ ಕಲೆಗಳು ಒಮ್ಮೆಲೇ ಹೋಗುವುದಿಲ್ಲ. ಕೆಲವರಿಗೆ ಸುಸ್ತು ವಾರಗಳಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ.

ನಾನು ಇಂಜಿನಿಯರು, ನನಗೆ ತೋಚುವುದು ಒಂದೇ: ಎಕ್ಸೆಲ್ ಶೀಟು. ನಮ್ಮಲ್ಲಿ ಮಲ್ಲಿಗೆಯ ಲೆಕ್ಕ ಚೆಂಡಿನಲ್ಲಿ. ಸುಮಾರು 800 ಮೊಗ್ಗು ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಮ್ಮ ದಿನಕ್ಕೆ ಎಷ್ಟು ಚೆಂಡು ಕಟ್ಟುತ್ತಾರೆ ಎಂದು ಬರೆದಿಡಲು ಶುರು ಮಾಡಿದೆ. ಚಳಿ ಬಂತು, ಹೂವು ಕಡಿಮೆಯಾಯಿತು, ನನ್ನ ಗ್ರಾಫ್ ಕೆಳಗಿಳಿಯಿತು, ನಾನು ಗಾಬರಿಯಾದೆ. ಅತ್ತೆ ನಕ್ಕರು, "ಗಿಡಕ್ಕೆ ಸುಸ್ತಾದದ್ದನ್ನು ನೀನು ಅತ್ತಿಗೆಯ ಲೆಕ್ಕಕ್ಕೆ ಬರೀತಿದ್ದೀಯಲ್ಲ ಮಾರಾಯ್ತಿ!" ಆಮೇಲೆ ಬದಲಿಸಿದೆ. ಒಂದೇ ಸಲ ಕೂತು, ಗೋಡೆಗೆ ಒರಗದೆ, ಎಷ್ಟು ಹೊತ್ತು ಕಟ್ಟುತ್ತಾರೆ ಅನ್ನುವುದನ್ನು ಮಾತ್ರ ಬರೆದೆ.

ಎರಡು ತಿಂಗಳ ಶೀಟಿನಲ್ಲಿ ಒಂದು ವಿಷಯ ಕಂಡಿತು. ಅಮ್ಮ ಚೆನ್ನಾಗಿರುವ ದಿನ ಎಲ್ಲ ಕೆಲಸ ಎಳೆದು ಹಾಕಿಕೊಳ್ಳುತ್ತಿದ್ದರು. ಹೂವು, ಬಟ್ಟೆ, ಅಂಗಳಕ್ಕೆ ನೀರು, ತೆಂಗಿನ ಮಡಲು ಎಳೆಯುವುದು. ಅದರ ಮರುದಿನ ಮತ್ತು ಅದರ ಮರುದಿನ ಚಾಪೆ. ಇದನ್ನು ತೋರಿಸಿದಾಗ ವೈದ್ಯರು ಹೇಳಿದ್ದು, ಚೆನ್ನಾಗಿರುವ ದಿನವೇ ಕೆಲಸ ಅರ್ಧಕ್ಕೆ ನಿಲ್ಲಿಸಬೇಕು, ಸುಸ್ತಿನ ದಿನವೂ ಸ್ವಲ್ಪ ನಡೆಯಬೇಕು. ಪೂರ್ತಿ ಮಲಗಿದರೆ ಸ್ನಾಯು ಕರಗುತ್ತದೆ, ಸುಸ್ತು ಇನ್ನೂ ಹೆಚ್ಚುತ್ತದೆ. ಜೊತೆಗೆ ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಮೂರನ್ನೂ ನೋಡಿಸಿದರು, ಯಾಕೆಂದರೆ ಎಲ್ಲ ಸುಸ್ತೂ ಲಿವರಿನದ್ದೇ ಆಗಬೇಕಿಲ್ಲ. ಹಾಗಂತ ಅಂಗಡಿಯಿಂದ ಕಬ್ಬಿಣದ ಟಾನಿಕ್ ತಂದು ಕುಡಿಯಬೇಡಿ ಎಂದೂ ಹೇಳಿದರು. ರಕ್ತಹೀನತೆ ಇದೆ ಎಂದು ಪರೀಕ್ಷೆಯಲ್ಲಿ ಕಾಣದೆ ತಗೊಂಡರೆ ಹೆಚ್ಚುವರಿ ಕಬ್ಬಿಣ ಲಿವರಿನಲ್ಲೇ ಕೂರುತ್ತದೆ.

ಈಗಿನ ವ್ಯವಸ್ಥೆ ಹೀಗೆ: ಕೊಯ್ಯುವುದು ಅತ್ತೆ ಮತ್ತು ಅಪ್ಪ. ಕಟ್ಟುವುದು ಅಮ್ಮ, ಮುಕ್ಕಾಲು ಗಂಟೆಗೊಮ್ಮೆ ಎದ್ದು ಬಾವಿಕಟ್ಟೆಯವರೆಗೆ ನಡೆದು ಬರುತ್ತಾರೆ. ಮಧ್ಯಾಹ್ನದ ನಿದ್ದೆಗೆ ಅಲಾರಂ, ಮುಕ್ಕಾಲು ಗಂಟೆ. ಮೊದಲ ವಾರ ಅಲಾರಂ ಇಟ್ಟ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ತುರಿಕೆ, ಸೆಳೆತ, ರಾತ್ರಿ

ಸುಸ್ತಿನ ನಂತರದ ಕಾಟ ತುರಿಕೆ. ಅಂಗೈ, ಅಂಗಾಲು, ಬೆನ್ನು. ಗುಳ್ಳೆ ಏನೂ ಕಾಣುವುದಿಲ್ಲ, ರಾತ್ರಿ ಹೆಚ್ಚು. ನಮ್ಮ ಕಡೆ ಬಚ್ಚಲ ಹಂಡೆಯಲ್ಲಿ ಕುದಿಯುವ ನೀರು, ಮೈ ಕೆಂಪಾಗುವಷ್ಟು ಬಿಸಿ ಇದ್ದರೇ ಸ್ನಾನ ಎಂದು ಲೆಕ್ಕ. ಅದನ್ನು ಉಗುರುಬೆಚ್ಚಗೆ ಮಾಡಿದ್ದರಿಂದಲೇ ಅರ್ಧ ಕಡಿಮೆಯಾಯಿತು. ಸ್ನಾನವಾದ ಕೂಡಲೇ ಮೈ ಹಸಿ ಇರುವಾಗ ತೆಂಗಿನೆಣ್ಣೆ, ಹಳೆಯ ಹತ್ತಿ ಸೀರೆಯ ಹೊದಿಕೆ, ಕತ್ತರಿಸಿದ ಉಗುರು. ಕೆರೆಯಬೇಕು ಅನ್ನಿಸಿದಾಗ ಒದ್ದೆ ಬಟ್ಟೆ ಇಟ್ಟು ಒತ್ತುವುದು. ಇಷ್ಟಕ್ಕೂ ನಿಲ್ಲದಿದ್ದರೆ ಅದಕ್ಕೆ ಬೇರೆ ಔಷಧಿ ಇದೆ, ವೈದ್ಯರೇ ಕೊಡುತ್ತಾರೆ.

ಮೀನಖಂಡದ ಸೆಳೆತಕ್ಕೆ ಮಲಗುವ ಮುಂಚೆ ಗೋಡೆಗೆ ಕೈಕೊಟ್ಟು ಹಿಮ್ಮಡಿ ಒತ್ತಿ ನಿಲ್ಲುವುದು ಸಹಾಯವಾಯಿತು. ಮೊಣಕಾಲು ನೋವಿಗೆ ಅಮ್ಮ ಅಂಗಡಿಯಿಂದ ತರಿಸುತ್ತಿದ್ದ ನೋವಿನ ಮಾತ್ರೆ, ಆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯದ್ದು, ಪೂರ್ತಿ ಬಂದ್. ಸಿರೋಸಿಸ್ ಇರುವವರಿಗೆ ಅದು ಕಿಡ್ನಿಗೂ ಕೆಟ್ಟದ್ದು, ಒಳಗೆ ರಕ್ತಸ್ರಾವಕ್ಕೂ ಕಾರಣವಾಗಬಹುದು. ಪ್ಯಾರಸಿಟಮಾಲ್ ಪರವಾಗಿಲ್ಲ, ಆದರೆ ಅಮ್ಮನಿಗೆ ಹಾಕಿದ ಮಿತಿ ದಿನಕ್ಕೆ ಎರಡು ಗ್ರಾಂ, ಅಂದರೆ 500ರ ನಾಲ್ಕು ಮಾತ್ರೆ. ಜನ ಇದನ್ನು ತಿರುಗಮುರುಗ ಮಾಡಿಕೊಳ್ಳುತ್ತಾರೆ, ಪ್ಯಾರಸಿಟಮಾಲ್‌ಗೆ ಹೆದರಿ ನೋವಿನ ಮಾತ್ರೆ ನುಂಗುತ್ತಾರೆ.

ನಮಗೆ ನಿಜವಾಗಿ ಹೆದರಿಕೆಯಾದದ್ದು ಕಳೆದ ವರ್ಷ ಮಳೆಗಾಲದಲ್ಲಿ. ಅಮ್ಮ ರಾತ್ರಿಯೆಲ್ಲ ಎಚ್ಚರ, ಹಗಲೆಲ್ಲ ತೂಕಡಿಕೆ. ಕಟ್ಟಿದ ಚೆಂಡನ್ನು ಮತ್ತೆ ಎಣಿಸುತ್ತಾರೆ, ಮತ್ತೆ ತಪ್ಪುತ್ತದೆ. ಒಂದು ದಿನ ಸಾರಿಗೆ ಎರಡು ಸಲ ಹುಳಿ ಹಾಕಿದರು. ವಯಸ್ಸಾಯ್ತು ಅಂದರು ಅಪ್ಪ. ನಾನೂ ಒಂದು ವಾರ ಹಾಗೇ ಅಂದುಕೊಂಡೆ, ಹತ್ತು ವರ್ಷ ಸುಸ್ತಿನ ವಿಷಯದಲ್ಲಿ ಅಂದುಕೊಂಡ ಹಾಗೆ. ಆಮೇಲೆ ಫೋನ್ ಮಾಡಿದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಮಲವಿಸರ್ಜನೆ ಆಗಿ ಎಷ್ಟು ದಿನ ಆಯ್ತು?" ನಾಲ್ಕು ದಿನ. ಲಿವರ್ ದುರ್ಬಲವಾದಾಗ ಕರುಳಿನಲ್ಲಿ ಹುಟ್ಟುವ ಅಮೋನಿಯದಂಥ ವಿಷ ಶುದ್ಧವಾಗದೆ ಮೆದುಳಿಗೆ ಮಂಕು ಹಿಡಿಸುತ್ತದೆ. ಹಗಲು ರಾತ್ರಿ ಅದಲು ಬದಲಾಗುವುದು ಅದರ ಮೊದಲ ಗುರುತುಗಳಲ್ಲಿ ಒಂದು. ಅದೇ ದಿನ ಕರೆದುಕೊಂಡು ಹೋದೆವು. ಲ್ಯಾಕ್ಟುಲೋಸ್ ಸಿರಪ್ ಶುರುವಾಯಿತು, ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಲೀಸಾಗಿ ಹೋಗುವಷ್ಟು. ನಾಲ್ಕು ದಿನದಲ್ಲಿ ಅಮ್ಮ ಮತ್ತೆ ಅಮ್ಮ. ಆ ಹೊತ್ತಿನಲ್ಲಿ ನಿದ್ದೆ ಬರಲಿ ಎಂದು ನಿದ್ದೆಮಾತ್ರೆ ಕೊಟ್ಟಿದ್ದರೆ ಕಷ್ಟವಾಗುತ್ತಿತ್ತು. ಪಕ್ಕದ ಮನೆಯವರು ಪ್ರೀತಿಯಿಂದಲೇ ಒಂದು ತಂದುಕೊಟ್ಟಿದ್ದರು.

ಹಾಗಾಗಿ ನಮ್ಮ ಫ್ರಿಜ್ ಮೇಲೆ ಒಂದು ಚೀಟಿ ಇದೆ. ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಹೊಟ್ಟೆ ಊದುವುದು, ಮಾತು ತೊದಲುವುದು, ಚಳಿಜ್ವರ. ಇದರಲ್ಲಿ ಯಾವುದೊಂದು ಬಂದರೂ ಯಾರನ್ನೂ ಕೇಳದೆ ಕಾರು ತೆಗೆಯುವುದು.

ಉಪ್ಪು ಮತ್ತು ಶನಿವಾರ

ಸಂಜೆ ಪಾದ ಊದುತ್ತದೆ ಎಂದಾಗ ಉಪ್ಪು ಇಳಿಸಲು ಹೇಳಿದರು. ಕರಾವಳಿಯಲ್ಲಿ ಉಪ್ಪು ಇಳಿಸುವುದೆಂದರೆ ಸಾರಿಗೆ ಚಿಟಿಕೆ ಕಡಿಮೆ ಮಾಡುವುದಲ್ಲ. ಗಂಜಿಯ ಪಕ್ಕದಲ್ಲಿ ಕೂರುವುದೆಲ್ಲ ಉಪ್ಪೇ: ಉಪ್ಪಿನಕಾಯಿ, ಒಣಮೀನು ಚಟ್ನಿ, ಹಪ್ಪಳ, ಉಪ್ಪುನೀರಲ್ಲಿ ಹಾಕಿಟ್ಟ ಹಲಸಿನ ಸೊಳೆ. ಅಮ್ಮ ಎರಡು ದಿನ ಬರೀ ಕುಚ್ಚಲಕ್ಕಿ ಗಂಜಿ ನೋಡುತ್ತಾ ಕೂತರು. ಕೊನೆಗೆ ಅಪ್ಪ ಹೋಟೆಲಿನವರ ಬುದ್ಧಿ ಓಡಿಸಿದರು: ಹುಳಿ ಹೆಚ್ಚಿಸಿ, ಕಾಳುಮೆಣಸು ಶುಂಠಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಕಾಯಿ ಚಟ್ನಿ. ತಾಜಾ ಬಂಗುಡೆ, ಬೂತಾಯಿ ಧಾರಾಳ, ಯಾಕೆಂದರೆ ಪ್ರೊಟೀನ್ ಬಿಡಬಾರದು. ಲಿವರ್ ಕಾಯಿಲೆಗೆ ಮೀನು, ಬೇಳೆ ಎಲ್ಲ ಬಿಟ್ಟು ಬರೀ ಗಂಜಿ ಕುಡಿಯಬೇಕು ಎಂಬ ಹಳೆಯ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಮರುವಾಯಿ, ಪಚ್ಚಿಲೆ ಮಾತ್ರ ಚೆನ್ನಾಗಿ ಬೆಂದರಷ್ಟೇ. ಕಾಫಿ ಬಿಡಬೇಕಾ ಎಂದು ಹೆದರಿ ಕೇಳಿದ ಅಮ್ಮನಿಗೆ ಸಿಕ್ಕಿದ ಒಂದೇ ಸಿಹಿಸುದ್ದಿ: ಬೇಡ, ಕಾಫಿ ಲಿವರಿಗೆ ಒಳ್ಳೆಯದೇ.

ದೊಡ್ಡ ಜಗಳ ನಡೆದದ್ದು ಶನಿವಾರದ ಉಪವಾಸಕ್ಕೆ. ಸಿರೋಸಿಸ್ ಇದ್ದಾಗ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ, ರಾತ್ರಿ ಪೂರ್ತಿ ಖಾಲಿ ಹೊಟ್ಟೆ ಇದ್ದರೆ ದೇಹ ಸ್ನಾಯುವನ್ನೇ ಕರಗಿಸಿ ಬಳಸುತ್ತದೆ. ಮಲಗುವ ಮುಂಚೆಯೂ ಏನಾದರೂ ತಿನ್ನಬೇಕು. ಅಮ್ಮ ಮದುವೆಯಾದ ವರ್ಷದಿಂದ ಮಾಡಿಕೊಂಡು ಬಂದ ಉಪವಾಸ. ನಾನು ವಾದ ಮಾಡಿ ಸೋತೆ. ಅಜ್ಜಿ ಕಾರ್ಕಳದಿಂದ ಫೋನಿನಲ್ಲಿ ಒಂದೇ ಮಾತು ಹೇಳಿದರು, "ದೇವರಿಗೆ ಹೂವು ಕಟ್ಟುವುದು ನೀನಲ್ವಾ, ಕಟ್ಟಲಿಕ್ಕೆ ಕೈಯಲ್ಲಿ ಬಲ ಬೇಡ್ವಾ?" ಈಗ ಶನಿವಾರ ರಾತ್ರಿ ಅವಲಕ್ಕಿ, ಬಾಳೆಹಣ್ಣು, ಹಾಲು.

ಕಾರ್ಕಳದಿಂದ ಬಂದದ್ದೆಲ್ಲ ಹೀಗೆ ಒಳ್ಳೆಯದೇ ಆಗಿರಲಿಲ್ಲ. ಮಾವ ಒಂದು ಬಾಟ್ಲಿ ಹಸಿರು ಕಷಾಯ ತಂದಿದ್ದರು, ಕಾಮಾಲೆಗೆ ಊರಿಗೆಲ್ಲ ಕೊಡುವ ಮದ್ದು. ಮಾವನಿಗೆ ಬೇಜಾರಾಗದಂತೆ ವಿವರಿಸಲು ನನಗೆ ಒಂದು ಗಂಟೆ ಬೇಕಾಯಿತು. ಮಳೆಗಾಲದಲ್ಲಿ ಕೆಟ್ಟ ನೀರಿನಿಂದ ಬರುವ ಕಾಮಾಲೆ ಹೆಚ್ಚಾಗಿ ಹೆಪಟೈಟಿಸ್ ಎ ಅಥವಾ ಇ. ಅದು ಬಹುಪಾಲು ಜನರಲ್ಲಿ ಕೆಲವು ವಾರದಲ್ಲಿ ತಾನೇ ಹೋಗುತ್ತದೆ, ಹೆಸರು ಮದ್ದಿಗೆ ಬರುತ್ತದೆ. ಸಿ ಹಾಗಲ್ಲ, ಕಣ್ಣು ಹಳದಿಯಾಗದೆಯೇ ವರ್ಷಗಟ್ಟಲೆ ಕೂರುತ್ತದೆ. ನಮ್ಮ ಅಂಗಳದ ಅಮೃತಬಳ್ಳಿಯ ಬಗ್ಗೆಯೂ 2021ರಲ್ಲಿ ಮುಂಬಯಿಯ ವೈದ್ಯರು ಲಿವರಿಗೆ ತೊಂದರೆಯಾದ ಪ್ರಕರಣಗಳನ್ನು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳದಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ಅಮ್ಮನ ಲಿವರನ್ನು ಬಳಸುವುದು ಬೇಡ ಎಂದೆ. ಮಾವ ನಕ್ಕು ಬಾಟ್ಲಿ ವಾಪಸ್ ತಗೊಂಡರು.

ಕೆಂಪು ದಾರದ ತಟ್ಟೆ

ತಟ್ಟೆ, ಲೋಟ, ಅಪ್ಪುಗೆ, ಒಂದೇ ಬಚ್ಚಲು, ಕೆಮ್ಮು, ಇದ್ಯಾವುದರಿಂದಲೂ ಹೆಪಟೈಟಿಸ್ ಸಿ ಹರಡುವುದಿಲ್ಲ. ರಕ್ತದಿಂದ ರಕ್ತಕ್ಕೆ ಮಾತ್ರ. ಹಾಗಾಗಿ ವೈರಸ್ ಇದ್ದ ದಿನಗಳಲ್ಲಿ ಬೇರೆ ಮಾಡಬೇಕಾಗಿದ್ದು ಬ್ರಷ್ಷು, ಬ್ಲೇಡು, ಉಗುರು ಕತ್ತರಿಸುವ ಕತ್ತರಿ ಮತ್ತು ಮಲ್ಲಿಗೆ ಗಿಡ ಸವರುವ ಚೂರಿ. ಇದನ್ನು ನಾನು ಎಷ್ಟು ಸಲ ಹೇಳಿದರೂ ಅಮ್ಮ ಹೂಂ ಅನ್ನುತ್ತಿದ್ದರು, ತಟ್ಟೆ ಕಿಟಕಿಯ ಮೇಲೇ ಇರುತ್ತಿತ್ತು. ವೈರಸ್ ಹೋದ ರಿಪೋರ್ಟು ಬಂದ ಮೇಲೂ ಇತ್ತು. ಒಂದು ದಿನ ಅತ್ತೆ ಏನೂ ಮಾತಾಡದೆ ಅದೇ ತಟ್ಟೆಯಲ್ಲಿ ತಾವು ಬಡಿಸಿಕೊಂಡು ಊಟ ಮಾಡಿದರು. ಅಮ್ಮ ನೋಡುತ್ತಾ ನಿಂತರು. ದಾರ ಯಾರು ಬಿಚ್ಚಿದರೋ ಗೊತ್ತಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 55 ಲಕ್ಷ ಜನರಿಗೆ ಹೆಪಟೈಟಿಸ್ ಸಿ ಇದೆ. ಅವರಲ್ಲಿ ಎಷ್ಟೋ ಜನ ಇವತ್ತು ಮಧ್ಯಾಹ್ನವೂ ಚಾಪೆ ಹಾಸಿ ಮಲಗಿ ಸುಸ್ತು ಅಂದಿರಬೇಕು. 2001ಕ್ಕಿಂತ ಮುಂಚೆ ರಕ್ತ ಹಾಕಿಸಿಕೊಂಡವರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಕೇಳಿ. ಹೆರಿಗೆಯ ಕಥೆಯನ್ನು ಪೂರ್ತಿ ಹೇಳಿಸಿ.

ಈ ವರ್ಷ ಏಪ್ರಿಲ್‌ನಲ್ಲಿ ಅಮ್ಮನ ಎರಡನೇ ಕಣ್ಣಿನ ಆಪರೇಷನ್. ಬಲಗಣ್ಣಿನದ್ದು ಬೇರೆ ಕಡೆ ಆಗಲೇ ಆಗಿತ್ತು. ಮತ್ತೆ ಅದೇ ರಕ್ತಪರೀಕ್ಷೆ, ಮತ್ತೆ ಪಾಸಿಟಿವ್, ಯಾಕೆಂದರೆ ಆ್ಯಂಟಿಬಾಡಿ ಗುಣವಾದ ಮೇಲೂ ಹಾಗೇ ಉಳಿಯುತ್ತದೆ. ಈ ಸಲ ನನ್ನ ಕೈಯಲ್ಲಿ ಆರ್‌ಎನ್‌ಎ ರಿಪೋರ್ಟು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೆ. ನಾನು ಎದ್ದು ಕೌಂಟರಿನ ಹತ್ತಿರ ಹೋಗುವಷ್ಟರಲ್ಲಿ ಅಮ್ಮನೇ ಅದನ್ನು ಕಸಿದುಕೊಂಡು ಹೋಗಿ, ಅಲ್ಲಿದ್ದ ಹುಡುಗಿಯ ಮುಂದೆ ಇಟ್ಟು, ಕಾರಿಡಾರಿಗೆಲ್ಲ ಕೇಳುವ ಹಾಗೆ ಹೇಳಿದರು, "ನನಗೆ ಹೆಪಟೈಟಿಸ್ ಸಿ ಇತ್ತು ಮಗಾ. ಹೋಗಿದೆ. ಇಲ್ಲಿ ಬರೆದಿದೆ ನೋಡು."

ಆರು ತಿಂಗಳಿಗೊಮ್ಮೆ ಲಿವರಿನ ಸ್ಕ್ಯಾನಿಂಗ್ ಇನ್ನೂ ಇದೆ, ಗಡ್ಡೆ ಏನಾದರೂ ಬಂದಿದೆಯಾ ನೋಡಲು. ಅದು ನಿಲ್ಲುವುದಿಲ್ಲ. ಮುಂದಿನದು ಅಕ್ಟೋಬರಿನಲ್ಲಿ. ಎಕ್ಸೆಲ್ ಶೀಟನ್ನು ಈಗ ಅಪ್ಪ ಬರೆಯುತ್ತಾರೆ, ಕ್ಯಾಲೆಂಡರಿನ ಹಿಂದೆ, ಪೆನ್ಸಿಲ್ಲಿನಲ್ಲಿ. ನಿನ್ನೆಯ ಲೆಕ್ಕ ಒಂದು ಗಂಟೆ ಹತ್ತು ನಿಮಿಷ. ಒರಗದೆ.